‘ಇನ್ನೊಂದು ತುತ್ತು’ ಅನ್ನಬೇಡಿ

ಅನ್ನನಾಳದ ಕ್ಯಾನ್ಸರ್ ಆಪರೇಷನ್ ಆದವರು, ಅವರ ಮನೆಯವರು ಪ್ರಶ್ನೆ ಬರೆದು ಕಳಿಸಿ ಅಂತ ಹೋದ ತಿಂಗಳು ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಕಾಗದಗಳು ಬಂದಿವೆ. ಉತ್ತರ ಬರೆಯುತ್ತಿರುವ ನಾನು ಡಾಕ್ಟರ್ ಅಲ್ಲ. ಹಾಸನದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. 2016ರಲ್ಲಿ, ನನ್ನ 51ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನನಗೆ ಇದೇ ಆಪರೇಷನ್ ಆಯಿತು. ಅದಕ್ಕೆ ಮೊದಲು ಐದು ವಾರ ಕೀಮೋ, ಕರೆಂಟ್ (ರೇಡಿಯೇಷನ್) ಎರಡೂ ಕೊಟ್ಟಿದ್ದರು. ಕಾಯಿಲೆ, ಔಷಧಿ ಅಂತ ಎಲ್ಲೆಲ್ಲಿ ಬರೆದಿದ್ದೇನೋ ಅದನ್ನು ಆಗ ನನಗೆ ಊಟ ಹೇಳಿಕೊಟ್ಟ ಡಯಟಿಷಿಯನ್ ಮುಂದೆ ಓದಿ ತೋರಿಸಿದ್ದೇನೆ. ಮಿಕ್ಕಿದ್ದು ನನ್ನ ಅಡುಗೆಮನೆಯಲ್ಲಿ, ನನ್ನ ಮಂಚದ ಮೇಲೆ ನಾನು ಕಲಿತದ್ದು.

ಅಕ್ಕಾ, ನಮ್ಮ ಯಜಮಾನರಿಗೆ 54 ವರ್ಷ. ಆಪರೇಷನ್ ಆಗಿ ಎರಡು ತಿಂಗಳಾಯಿತು. 68 ಕೆ.ಜಿ. ಇದ್ದವರು 58ಕ್ಕೆ ಬಂದಿದ್ದಾರೆ. ನಾಲ್ಕು ಚಮಚ ತಿಂದು ತಟ್ಟೆ ಸರಿಸಿಬಿಡುತ್ತಾರೆ. ಇನ್ನೊಂದು ತುತ್ತು ಅಂದರೆ ಸಿಟ್ಟು. ಮೊನ್ನೆ ನನ್ನ ಬಲವಂತಕ್ಕೆ ತಿಂದು ಎಲ್ಲಾ ವಾಂತಿ ಮಾಡಿಕೊಂಡರು. ಮುದ್ದೆ ಬಿಟ್ಟಿದ್ದಕ್ಕೇ ಮೈಯಲ್ಲಿ ಶಕ್ತಿ ಇಲ್ಲ ಅಂತಾರೆ ನಮ್ಮತ್ತೆ. ಮುದ್ದೆ ಯಾವಾಗ ಕೊಡಬಹುದು? ಮೊದಲಿನ ಹಾಗೆ ಊಟ ಮಾಡುವುದು ಯಾವಾಗ?
– ಓದುಗರು, ಹೊಳೆನರಸೀಪುರ

ತಂಗಿ, ನಿಮ್ಮ ಕಾಗದ ಓದುವಾಗ ನನಗೆ ನಮ್ಮನೆಯವರ ಮುಖ ನೆನಪಾಯಿತು. ಗಂಜಿ ಬಟ್ಟಲು ಹಿಡಿದುಕೊಂಡು ಮಂಚದ ಪಕ್ಕ ನಿಂತಿರುತ್ತಿದ್ದರು. ಬಟ್ಟಲು ಖಾಲಿಯಾದರೆ ನಾನು ಬದುಕುತ್ತೇನೆ, ಖಾಲಿಯಾಗದಿದ್ದರೆ ಇಲ್ಲ ಅನ್ನುವ ಹಾಗೆ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ನಾನು ಎಷ್ಟೋ ಸಲ ಜಾಸ್ತಿ ತಿಂದೆ. ತಿಂದು ನರಳಿದೆ.

ಒಳಗೆ ಏನಾಗಿದೆ ಅಂತ ಮೊದಲು ತಿಳಿದುಕೊಳ್ಳಿ. ಅತ್ತೆಯವರಿಗೂ ಕೂರಿಸಿ ಹೇಳಿ. ಅನ್ನನಾಳ ಅಂದರೆ ಗಂಟಲಿನಿಂದ ಹೊಟ್ಟೆಯವರೆಗೆ ಇರುವ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಆಪರೇಷನ್‌ನಲ್ಲಿ ಅದರ ಬಹುಪಾಲು ತೆಗೆದುಬಿಡುತ್ತಾರೆ. ಆ ಖಾಲಿ ಜಾಗಕ್ಕೆ ಸಾಮಾನ್ಯವಾಗಿ ಹೊಟ್ಟೆಯ ಚೀಲವನ್ನೇ ಕೊಳವೆಯ ಹಾಗೆ ಹೊಲಿದು ಎದೆಯೊಳಗೆ ಮೇಲಕ್ಕೆ ಎಳೆದು, ಮೇಲೆ ಉಳಿದ ತುಂಡಿಗೆ ಜೋಡಿಸುತ್ತಾರೆ. ನಿಮ್ಮ ಯಜಮಾನರ ಹೊಟ್ಟೆ ಈಗ ಎದೆಯಲ್ಲಿದೆ. ಸೇರಿನ ಪಾತ್ರೆ ಇದ್ದ ಕಡೆ ಪಾವಿನ ಕೊಳವೆ ಇದೆ. ನಾಲ್ಕು ಚಮಚಕ್ಕೆ ಅದು ತುಂಬಿತು ಅಂದರೆ ನಿಜವಾಗಿಯೂ ತುಂಬಿದೆ ಅಂತಲೇ ಅರ್ಥ. ಅವರು ಹಟ ಮಾಡುತ್ತಿಲ್ಲ.

ಇನ್ನೊಂದು ವಿಷಯ. ಹೊಟ್ಟೆಗೆ ಹೋಗುವ ವೇಗಸ್ ಅನ್ನುವ ನರವನ್ನು ಈ ಆಪರೇಷನ್‌ನಲ್ಲಿ ಕತ್ತರಿಸಬೇಕಾಗುತ್ತದೆ. ಹಸಿವು ತರಿಸುವ ಹಾರ್ಮೋನು ಕೂಡ ಕಡಿಮೆಯಾಗುತ್ತದೆ. ಹಾಗಾಗಿ ಹಸಿವೇ ಗೊತ್ತಾಗುವುದಿಲ್ಲ. ಹಸಿವಾದಾಗ ತಿನ್ನಲಿ ಅಂತ ಕಾದರೆ ಬೆಳಿಗ್ಗೆಯಿಂದ ಸಂಜೆಯವರೆಗೂ ಕಾಯಬೇಕಾಗುತ್ತದೆ. ನಾನು ಮೊದಲ ವರ್ಷ ಪೂರ್ತಿ ಗಡಿಯಾರ ನೋಡಿಯೇ ತಿಂದೆ. ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ. ಏಳು ಗಂಟೆಗೆ ಎರಡು ಚಿಕ್ಕ ಇಡ್ಲಿ, ಮೇಲೆ ತುಪ್ಪ. ಒಂಬತ್ತೂವರೆಗೆ ಮೆತ್ತಗೆ ಕಲಸಿದ ಒಂದು ಮೊಟ್ಟೆ. ಹನ್ನೆರಡಕ್ಕೆ ಅರ್ಧ ಬಟ್ಟಲು ಮೆದು ಅನ್ನ, ಬೇಳೆಕಟ್ಟು. ಎರಡೂವರೆಗೆ ಗಟ್ಟಿ ಮೊಸರಿಗೆ ಹುರಿಗಡಲೆ ಪುಡಿ. ಸಂಜೆ ಐದಕ್ಕೆ ಸಕ್ಕರೆ ಹಾಕದ ರಾಗಿ ಮಾಲ್ಟು ಅರ್ಧ ಲೋಟ. ಏಳಕ್ಕೆ ರಾತ್ರಿ ಊಟ, ಅದೂ ಅರ್ಧ ಬಟ್ಟಲು. ಆರು ಸಲ, ಏಳು ಸಲ. ಪ್ರತಿ ಸಲಕ್ಕೂ ಇಪ್ಪತ್ತು ಮೂವತ್ತು ನಿಮಿಷ. ನೀರು ಊಟದ ಜೊತೆ ಬೇಡ, ಜಾಗವೆಲ್ಲ ನೀರಿಗೇ ಹೋಗುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಅರ್ಧ ಗಂಟೆ ಬಿಟ್ಟು, ಗುಟುಕು ಗುಟುಕಾಗಿ ಕುಡಿಯಲಿ.

ತಟ್ಟೆ ಬದಲಾಯಿಸಿ. ಇದು ನನಗೆ ತುಂಬಾ ಉಪಯೋಗಕ್ಕೆ ಬಂತು. ಮುತ್ತುಗದ ಎಲೆಯಷ್ಟು ಅಗಲದ ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಚಮಚ ಅನ್ನ ಹಾಕಿದರೆ ತಿನ್ನುವವರಿಗೂ ನೋಡುವವರಿಗೂ ಬೇಜಾರು. ಮೊಮ್ಮಕ್ಕಳ ಬಟ್ಟಲಿನಲ್ಲಿ ಹಾಕಿಕೊಡಿ. ಅದು ಖಾಲಿಯಾದರೆ ಅದು ಒಂದು ಊಟ.

ಇನ್ನು ಮುದ್ದೆ. ನಮ್ಮ ಹಾಸನದ ಕಡೆ ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಚಿಕ್ಕಂದಿನಿಂದ ಕಲಿತಿದ್ದೇವೆ, ಅಲ್ವಾ? ತೊಂದರೆ ಅಲ್ಲೇ ಇರುವುದು. ಹೊಲಿಗೆ ಹಾಕಿದ ಜಾಗ ಸಣ್ಣದು. ಅಗಿಯದೆ ನುಂಗಿದ ಅಂಟು ತುತ್ತು ಅಲ್ಲಿ ಕೂತುಬಿಡುತ್ತದೆ. ಅದಕ್ಕೇ ನನಗೆ ನಾಲ್ಕನೇ ತಿಂಗಳವರೆಗೆ ಮುದ್ದೆ ಬೇಡ ಅಂದಿದ್ದರು. ಆಮೇಲೆ ತೆಳುವಾಗಿ ತೊಳಸಿದ ಮುದ್ದೆಯನ್ನು ಬಟಾಣಿ ಕಾಳಿನಷ್ಟು ಮುರಿದು, ಸಾರಿನಲ್ಲಿ ಚೆನ್ನಾಗಿ ಹೊರಳಿಸಿ, ಬಾಯಲ್ಲೇ ಕರಗಿಸಿ ತಿನ್ನಲು ಶುರು ಮಾಡಿದೆ. ನಿಮ್ಮ ಡಾಕ್ಟರನ್ನು ಕೇಳಿ ಶುರು ಮಾಡಿ. ಅತ್ತೆಗೆ ಹೇಳಿ, ರಾಗಿಯ ಶಕ್ತಿ ಅಂಬಲಿಯಲ್ಲೂ ಇದೆ, ಮಾಲ್ಟಿನಲ್ಲೂ ಇದೆ. ಈಗ ಮೈ ಕಟ್ಟುವುದಕ್ಕೆ ಬೇಕಾದದ್ದು ಮೊಟ್ಟೆ, ಮೊಸರು, ಬೇಳೆ. ಅವರೆಕಾಯಿ ಕಾಲ ಬಂದಾಗ ಹಿತಕಿದ ಬೇಳೆ ಬೆಣ್ಣೆಯ ಹಾಗೆ ಬೇಯಿಸಿ ಕೊಡಿ. ಮಾಂಸ ತಿನ್ನುವವರಾದರೆ ತುಂಡು ಬೇಡ, ಕೈಮಾ ಮಾಡಿ ಸಾರಿನಲ್ಲಿ ನೆನೆಸಿ. ನುಗ್ಗೆಕಾಯಿ, ಹಲಸಿನ ತೊಳೆ, ಕಳಲೆ, ನಾರಿರುವ ಸೊಪ್ಪಿನ ದಂಟು ಸದ್ಯಕ್ಕೆ ದೂರ ಇರಲಿ. ಮೆತ್ತನೆಯ ಬ್ರೆಡ್ ಸುಲಭ ಅಂತ ಎಲ್ಲರೂ ತಂದುಕೊಡುತ್ತಾರೆ. ಅದು ಬಾಯಲ್ಲಿ ಉಂಡೆಯಾಗಿ ಅಂಟಿಕೊಳ್ಳುತ್ತದೆ. ನನಗಂತೂ ಆಗಲಿಲ್ಲ.

ತೂಕದ ಬಗ್ಗೆ. ಮೊದಲ ಆರು ತಿಂಗಳಲ್ಲಿ ಹತ್ತರಲ್ಲಿ ಒಂದು ಪಾಲು, ಕೆಲವರಿಗೆ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ನಾನು 61ರಿಂದ 49ಕ್ಕೆ ಬಂದಿದ್ದೆ. ಈಗ 53. ಹಳೆಯ 61 ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ವಾರಕ್ಕೊಂದು ಸಲ, ಅದೇ ತೂಕದ ಯಂತ್ರದಲ್ಲಿ, ಬೆಳಿಗ್ಗೆ ನೋಡಿ ಬರೆದಿಡಿ. ದಿನಾ ನೋಡಬೇಡಿ, ಸುಮ್ನೆ ಭಯ. ಮೂರು ನಾಲ್ಕು ವಾರ ಬಿಡದೆ ಇಳಿಯುತ್ತಿದ್ದರೆ ಆ ಪುಸ್ತಕ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ರಕ್ತದಲ್ಲಿ ಬಿ12, ಕಬ್ಬಿಣ, ವಿಟಮಿನ್ ಡಿ ಎಷ್ಟಿದೆ ಅಂತಲೂ ಆಗಾಗ ನೋಡಿಸಬೇಕು. ಹೊಟ್ಟೆಯ ಚೀಲ ಬದಲಾದವರಿಗೆ ಇವು ನಿಧಾನವಾಗಿ ಕಡಿಮೆಯಾಗುತ್ತವೆ. ನನಗೆ ಎರಡನೇ ವರ್ಷ ಕಾಲು ಜುಮುಗುಟ್ಟಲು ಶುರುವಾಗಿ ನೋಡಿಸಿದರೆ ಬಿ12 ತಳ ಕಂಡಿತ್ತು. ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಸರಿಯಾಯಿತು.

ಕೊನೆಗೆ ನಿಮ್ಮ ಬಲವಂತದ ಮಾತು. ನಾನೂ ಹಬ್ಬಕ್ಕೆ ಬಂದವರ ಎಲೆಗೆ, ಬೇಡ ಬೇಡ ಅಂತ ಕೈ ಅಡ್ಡ ಹಿಡಿದರೂ, ಬೆರಳ ಸಂದಿಯಿಂದ ಒಬ್ಬಟ್ಟು ಜಾರಿಸುತ್ತಿದ್ದವಳೇ. ಉಪಚಾರ ಅಂದರೆ ಅದೇ ಅಂದುಕೊಂಡಿದ್ದೆ. ಆ ಪ್ರೀತಿಯನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಅದನ್ನು ಇನ್ನೊಂದು ಕಡೆ ತಿರುಗಿಸಿ. ಬಟ್ಟಲು ಇಟ್ಟು, ಪಕ್ಕದಲ್ಲಿ ನಿಮ್ಮದೂ ಒಂದು ತಟ್ಟೆ ಇಟ್ಟುಕೊಂಡು, ಮನೆಯ ಮಾತು ಆಡುತ್ತಾ ನೀವೂ ಊಟ ಮಾಡಿ. ಅವರ ಬಟ್ಟಲು ನೋಡಬೇಡಿ. ಸಾಕು ಅಂದರೆ ಎತ್ತಿಡಿ. ಎರಡು ಗಂಟೆ ಬಿಟ್ಟು ಮತ್ತೆ ಇಡಿ. ನಮ್ಮನೆಯವರು ಇದನ್ನು ಕಲಿತ ದಿನದಿಂದ ನಾನು ದಿನಕ್ಕೆ ಎರಡು ಚಮಚ ಜಾಸ್ತಿ ತಿಂದೆ. ಅದು ಸತ್ಯ.

ಮೇಡಂ, ನಾನು ಮೂಡಿಗೆರೆ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ವಯಸ್ಸು 41. ಆಪರೇಷನ್ ಆಗಿ ಏಳು ತಿಂಗಳು. ಕೆಲಸಕ್ಕೆ ಮರಳಿದ್ದೇನೆ. ಬೆಳಿಗ್ಗೆ ತಿಂಡಿ ತಿಂದು ಸಿಹಿ ಕಾಫಿ ಕುಡಿದು ಹದಿನೈದು ನಿಮಿಷಕ್ಕೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿ ಬೇಧಿ. ಕೆಲವು ದಿನ ತಿಂಡಿಯಾಗಿ ಎರಡು ಗಂಟೆಗೆ ಕೈ ನಡುಗಿ ಕಣ್ಣು ಕತ್ತಲೆ. ಹಾಜರಿ ಪುಸ್ತಕದಲ್ಲಿ ಏನು ಬರೆಯುತ್ತಿದ್ದೇನೆ ಅಂತಲೇ ತಿಳಿಯುವುದಿಲ್ಲ. ಇದು ಹಾರ್ಟಿನ ತೊಂದರೆಯಾ?
– ಓದುಗರು, ಮೂಡಿಗೆರೆ ತಾಲ್ಲೂಕು

ತಮ್ಮಾ, ಮೊದಲು ಒಂದು ಇ.ಸಿ.ಜಿ. ಮಾಡಿಸಿಬಿಡಿ. ಎದೆ ಡವಡವ ಅನ್ನುವುದನ್ನು ಕಾಗದದ ಮೇಲೆ ಯಾರೂ ತೀರ್ಮಾನ ಮಾಡಬಾರದು. ಆದರೆ ನೀವು ಬರೆದಿರುವ ಎರಡೂ ಲಕ್ಷಣ ನನಗೆ ಚೆನ್ನಾಗಿ ಗೊತ್ತು. ಡಾಕ್ಟರುಗಳು ಇದಕ್ಕೆ ಡಂಪಿಂಗ್ ಅಂತಾರೆ.

ಮೊದಲು ಹೊಟ್ಟೆಯ ಚೀಲ ಊಟವನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತಿತ್ತು, ತೂಬಿನಿಂದ ಗದ್ದೆಗೆ ನೀರು ಬಿಟ್ಟ ಹಾಗೆ. ಈಗ ಹಿಡಿದಿಡುವ ಶಕ್ತಿ ಕಡಿಮೆ. ಸಿಹಿ, ಅದರಲ್ಲೂ ಸಕ್ಕರೆ ಕರಗಿದ ನೀರಿನಂಥದ್ದು, ಒಂದೇ ಸಲಕ್ಕೆ ಕರುಳಿಗೆ ನುಗ್ಗುತ್ತದೆ. ಅದನ್ನು ತೆಳು ಮಾಡಲು ಕರುಳು ಮೈಯಿಂದ ನೀರು ಎಳೆದುಕೊಳ್ಳುತ್ತದೆ. ಆಗ ಬೆವರು, ಡವಡವ, ಬೇಧಿ. ಇದು ತಿಂದ ಅರ್ಧ ಗಂಟೆಯೊಳಗೆ ಆಗುವುದು. ಎರಡನೆಯದು ಒಂದರಿಂದ ಮೂರು ಗಂಟೆಯ ನಂತರದ್ದು. ಸಕ್ಕರೆ ರಕ್ತಕ್ಕೆ ದಿಢೀರ್ ಏರಿತು ಅಂತ ಮೈ ಜಾಸ್ತಿ ಇನ್ಸುಲಿನ್ ಬಿಡುತ್ತದೆ. ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯುತ್ತದೆ. ಕೈ ನಡುಗುವುದು, ಕಣ್ಣು ಕತ್ತಲೆ, ತಲೆ ಓಡದಿರುವುದು ಅದರಿಂದ.

ಕಾಫಿ ನಾಡಿನವರಿಗೆ ಕಾಫಿ ಬಿಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಸಕ್ಕರೆ ಬಿಡಿ. ಬೆಲ್ಲವೂ ಅಷ್ಟೇ, ಜೇನುತುಪ್ಪವೂ ಅಷ್ಟೇ. ತಿಂಡಿಯಾಗಿ ಮುಕ್ಕಾಲು ಗಂಟೆ ಬಿಟ್ಟು, ಅರ್ಧ ಲೋಟ, ಹಾಲು ಹಾಕಿ, ಬೆಚ್ಚಗೆ. ಖಾಲಿ ಹೊಟ್ಟೆಗೆ ಹಣ್ಣಿನ ರಸ, ಎಳನೀರು ಗಟಗಟ ಕುಡಿಯಬೇಡಿ. ತಿಂಡಿಗೆ ಬರೀ ಅಕ್ಕಿಯದ್ದು ಬೇಡ. ಕಡುಬು ತಿಂದರೆ ಒಂದು ಸಾಕು, ಜೊತೆಗೆ ಒಂದು ಮೊಟ್ಟೆಯೋ ಗಟ್ಟಿ ಬೇಳೆಯೋ ಇರಲಿ. ತಿಂದ ಮೇಲೆ ಇಪ್ಪತ್ತು ನಿಮಿಷ ಬೆನ್ನು ಒರಗಿಸಿ ಕೂತಿರಿ. ತಿಂದ ಕೂಡಲೇ ತೋಟದ ಏರು ಹತ್ತುವುದು ಬೇಡ.

ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಇಟ್ಟುಕೊಳ್ಳಿ. ಎರಡು ಗಂಟೆಯ ನಡುಕ ಬಂದಾಗ ಅದನ್ನು ತಿನ್ನಿ, ಆಮೇಲೆ ಸ್ವಲ್ಪ ಹುರಿಗಡಲೆ ಪುಡಿಯೋ ಮೊಸರೋ ತಿನ್ನಿ. ಆಗುವುದಾದರೆ ಆ ಹೊತ್ತಿಗೆ ಬೆರಳು ಚುಚ್ಚಿ ಶುಗರ್ ನೋಡಿ ಬರೆದಿಡಿ, ಡಾಕ್ಟರಿಗೆ ಅದು ತುಂಬಾ ಸಹಾಯ. ನಡುಕ ಇರುವಾಗ ಬೈಕ್ ಹತ್ತಬೇಡಿ. ಚಾರ್ಮಾಡಿ ಕಡೆಯ ತಿರುವುಗಳನ್ನು ನಾನು ನೋಡಿದ್ದೇನೆ. ಮೇಸ್ತ್ರಿಗೂ ಒಂದು ಮಾತು ಹೇಳಿಟ್ಟಿರಿ, ಹೀಗಾದರೆ ಏನು ಕೊಡಬೇಕು ಅಂತ. ಬಹಳ ಜನರಿಗೆ ಒಂದು ವರ್ಷ, ಒಂದೂವರೆ ವರ್ಷದಲ್ಲಿ ಇದು ತಗ್ಗುತ್ತದೆ. ಇಷ್ಟೆಲ್ಲ ಮಾಡಿದರೂ ತಗ್ಗದಿದ್ದರೆ ಅದಕ್ಕೆ ಮಾತ್ರೆಗಳಿವೆ.

ನಮ್ಮ ತಂದೆಗೆ ರಾತ್ರಿ ಮಲಗಿದರೆ ಹಸಿರು ಕಹಿ ನೀರು ಬಾಯಿಗೆ ಬಂದು ಕೆಮ್ಮು. ಹೆದರಿ ಕುರ್ಚಿಯಲ್ಲೇ ನಿದ್ದೆ ಮಾಡುತ್ತಾರೆ. ಏನು ಮಾಡಲಿ?
– ಓದುಗರು, ಅರಸೀಕೆರೆ

ಹೊಟ್ಟೆಯ ಬಾಯಿಗೆ ಒಂದು ಬಿಗಿ ಇತ್ತು, ಮೇಲಕ್ಕೆ ಏನೂ ಬರದ ಹಾಗೆ ತಡೆಯುತ್ತಿತ್ತು. ಆಪರೇಷನ್‌ನಲ್ಲಿ ಅದೂ ಹೋಗಿದೆ. ಈಗ ಪಿತ್ತ ಕೆಳಗೆ ನಿಲ್ಲಬೇಕಾದರೆ ದೇಹವೇ ಓರೆಯಾಗಿರಬೇಕು. ಬರೀ ಎರಡು ದಿಂಬು ಇಟ್ಟರೆ ಕುತ್ತಿಗೆ ಬಗ್ಗುತ್ತದೆ, ನಡುರಾತ್ರಿ ಜಾರುತ್ತದೆ. ಮಂಚದ ತಲೆ ಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಟ್ಟು ಒಂದು ಗೇಣು ಎತ್ತರಿಸಿ. ನಾವು ಬಡಗಿಯ ಹತ್ತಿರ ಸೊಂಟದಿಂದ ತಲೆಯವರೆಗೆ ಬರುವ ಓರೆ ಹಲಗೆ ಮಾಡಿಸಿದೆವು, ಮೇಲೆ ಹತ್ತಿಯ ಹಾಸಿಗೆ. ಇಷ್ಟು ವರ್ಷವಾದರೂ ನಾನು ಅದರ ಮೇಲೇ ಮಲಗುವುದು. ನಂಟರ ಮನೆಗೆ ಹೋದರೆ ಮೊದಲು ಕೇಳುವುದು ಇಟ್ಟಿಗೆ ಎಲ್ಲಿದೆ ಅಂತಲೇ.

ರಾತ್ರಿ ಊಟ ಏಳಕ್ಕೆ ಮುಗಿಯಲಿ, ಮಲಗುವುದು ಹತ್ತಕ್ಕೆ. ನಡುವೆ ಏನೂ ಬೇಡ, ಹಾಲು ಕೂಡ ಬೇಡ. ತಿಂದ ಮೇಲೆ ಬಗ್ಗಿ ಕೆಲಸ ಮಾಡಬಾರದು. ಕೆಳಗೆ ಬಿದ್ದದ್ದು ತೆಗೆಯಬೇಕಾದರೆ ಮಂಡಿ ಮಡಚಿ ಕೂರಲಿ. ಆ್ಯಸಿಡ್ ಮಾತ್ರೆ ಕೊಟ್ಟಿದ್ದರೆ ನಿಲ್ಲಿಸಬೇಡಿ. ಆ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹಾಗಾಗಿ ಕೆಮ್ಮಿನ ಜೊತೆ ಜ್ವರ ಬಂದರೆ, ಉಸಿರು ಕಟ್ಟಿದ ಹಾಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹೊಟ್ಟೆಯ ಪಕ್ಕದಲ್ಲಿ ಊಟ ಬಿಡಲು ಹಾಕಿರುವ ಪೈಪಿನಲ್ಲಿ ರಾಗಿ ಗಂಜಿ ಬಿಡಬಹುದಾ?
– ಓದುಗರು, ಬೇಲೂರು

ಬೇಡ. ಆ ಪೈಪು ನೇರ ಸಣ್ಣಕರುಳಿಗೆ ಹೋಗುತ್ತದೆ, ಬಹಳ ಸಪೂರ. ಗಂಜಿ ಆರಿದರೆ ಒಳಗೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಪುಡಿ ಮಾಡಿದ ಮಾತ್ರೆಯೂ ಹಾಗೆಯೇ, ಕೇಳದೆ ಹಾಕಬೇಡಿ. ಡಯಟಿಷಿಯನ್ ಹೇಳಿದ್ದನ್ನು ಮಾತ್ರ, ನಿಧಾನವಾಗಿ ಬಿಡಿ. ಪ್ರತಿ ಸಲ ಮೊದಲೂ ಆಮೇಲೂ ಕುದಿಸಿ ಆರಿಸಿದ ನೀರು 30 ಮಿ.ಲೀ. ಸಿರಿಂಜಿನಲ್ಲಿ ಬಿಟ್ಟು ಪೈಪು ತೊಳೆಯಿರಿ.

ಪೈಪು ಈಚೆ ಬಂದುಬಿಟ್ಟರೆ ನೀವೇ ಒಳಗೆ ತುರುಕಬೇಡಿ, ಬೆಳಗಾಗಲಿ ಅಂತಲೂ ಕಾಯಬೇಡಿ. ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಲು ಶುರುವಾಗುತ್ತದೆ. ನನಗೆ ರಾತ್ರಿ ಹನ್ನೊಂದಕ್ಕೆ ಸೀರೆಯ ನೆರಿಗೆಗೆ ಸಿಕ್ಕಿ ಪೈಪು ಬಂದುಬಿಟ್ಟಿತು. ಹತ್ತಿರದ ಒಂದು ಆಸ್ಪತ್ರೆಗೆ ಹೋದರೆ ಬೆಳಿಗ್ಗೆ ಬನ್ನಿ ಅಂತ ಕಳಿಸಿದರು. ಬೆಳಿಗ್ಗೆ ಹೊತ್ತಿಗೆ ತೂತು ಕೂಡಿಕೊಂಡಿತ್ತು. ಮತ್ತೆ ಬೆಂಗಳೂರಿಗೆ ಹೋಗಿ ಹೊಸದು ಹಾಕಿಸಬೇಕಾಯಿತು. ಆ ರಾತ್ರಿ ನಾವು ಅಲ್ಲೇ ಕೂತು ಹಟ ಹಿಡಿಯಬೇಕಿತ್ತು. ಬಂದ ಪೈಪನ್ನು ಚೀಲದಲ್ಲಿ ಹಾಕಿಕೊಂಡು, ಡಿಸ್ಚಾರ್ಜ್ ಕಾಗದ ಹಿಡಿದು, ತೂತಿಗೆ ಒಂದು ಪೈಪು ಈಗಲೇ ಹಾಕಿ ಅಂತ ನೀವು ಕೇಳಿ. ಆಪರೇಷನ್ ಮಾಡಿದ ಆಸ್ಪತ್ರೆಯ ವಾರ್ಡಿನ ಫೋನ್ ನಂಬರನ್ನು ಬಾಗಿಲ ಹಿಂದೆ ಬರೆದು ಅಂಟಿಸಿ.

ಆಪರೇಷನ್ ಆಗಿ ನಾಲ್ಕು ತಿಂಗಳು. ಚೆನ್ನಾಗಿ ತಿನ್ನುತ್ತಿದ್ದೆ. ಹದಿನೈದು ದಿನದಿಂದ ಅನ್ನ ಎದೆಯಲ್ಲಿ ನಿಲ್ಲುತ್ತಿದೆ. ಈಗ ಗಂಜಿ ಮಾತ್ರ ಇಳಿಯುತ್ತದೆ. ಮೊದಲು ಕಾಯಿಲೆ ಶುರುವಾದಾಗಲೂ ಹೀಗೇ ಆಗಿತ್ತು. ಮನೆಯಲ್ಲಿ ಹೇಳಿಲ್ಲ. ಹೇಳಲು ಧೈರ್ಯ ಇಲ್ಲ. ದುಡ್ಡೂ ಇಲ್ಲ.
– ಓದುಗರು, ಚಿಕ್ಕಮಗಳೂರು

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಗಂಡಸೋ ಹೆಂಗಸೋ ಬರೆದಿಲ್ಲ. ಯಾರಾದರೂ ಆಗಿರಿ, ಈ ಸಂಚಿಕೆ ಕೈಗೆ ಬಂದ ದಿನವೇ ಮನೆಯಲ್ಲಿ ಒಬ್ಬರಿಗೆ ಹೇಳಿ. ಎಲ್ಲರಿಗೂ ಹೇಳಬೇಕಾಗಿಲ್ಲ. ಒಬ್ಬರು ಸಾಕು.

ನನಗೆ ಮೂರನೇ ತಿಂಗಳಲ್ಲಿ ಇದೇ ಆಯಿತು. ಇಡ್ಲಿ ನಿಂತಿತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಉಗುಳಿದೆ. ಹೊರಗೆ ಬಂದು ಊಟ ಆಯಿತು ಅಂದೆ. ಹತ್ತು ದಿನ ಹೀಗೆ ಮುಚ್ಚಿಟ್ಟೆ. ಆ ಹತ್ತು ದಿನದಲ್ಲಿ ಮೂರು ಕೆ.ಜಿ. ಹೋಯಿತು. ಕೊನೆಗೆ ನನ್ನ ಮಗಳು ಬಾಗಿಲಲ್ಲೇ ನಿಂತು ಕೇಳಿದಳು.

ಬೆಂಗಳೂರಿಗೆ ಹೋಗಿ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇಳಿಸಿ ನೋಡುವುದು) ಮಾಡಿಸಿದಾಗ ಗೊತ್ತಾಯಿತು, ಹೊಲಿಗೆಯ ಜಾಗ ಮಾಯುತ್ತಾ ಬಿಗಿದುಕೊಂಡಿತ್ತು. ಗಾಯ ಮಾಗಿದಾಗ ಚರ್ಮ ಸುಕ್ಕಾಗಿ ಎಳೆದುಕೊಳ್ಳುತ್ತದಲ್ಲ, ಒಳಗೂ ಹಾಗೆಯೇ. ಈ ಆಪರೇಷನ್ ಆದವರಲ್ಲಿ ಇದು ಬಹಳ ಸಾಮಾನ್ಯ, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ. ಎಂಡೋಸ್ಕೋಪಿಯ ಮೂಲಕವೇ ಒಂದು ಬಲೂನೋ ಕೊಳವೆಯೋ ಇಳಿಸಿ ನಿಧಾನವಾಗಿ ಹಿಗ್ಗಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಒಂದೇ ಸಲಕ್ಕೆ ಸರಿಹೋಗದೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮಾಡಬೇಕಾಗಬಹುದು. ನನಗೆ ನಾಲ್ಕು ಸಲ ಮಾಡಿದರು. ಐದನೆಯ ಸಲ ಬೇಕಾಗಲಿಲ್ಲ.

ಕಾಯಿಲೆ ಮತ್ತೆ ಬಂದಿದೆಯಾ ಅಂತ ನಿಮ್ಮ ಭಯ. ಬಂದಿಲ್ಲ ಅಂತ ನಾನು ಇಲ್ಲಿ ಕೂತು ಹೇಳಿದರೆ ಅದು ಸುಳ್ಳು ಸಮಾಧಾನ. ಬಿಗಿದುಕೊಂಡಿದೆಯೋ ಕಾಯಿಲೆಯೋ ಅಂತ ಹೇಳಬಲ್ಲದ್ದು ಕ್ಯಾಮೆರಾ, ಬೇಕಾದರೆ ಅಲ್ಲಿಂದ ತೆಗೆದ ಚೂರಿನ ಪರೀಕ್ಷೆ. ಎರಡರಲ್ಲಿ ಯಾವುದಾದರೂ ಬೇಗ ಹೋದವರಿಗೇ ದಾರಿ ಜಾಸ್ತಿ. ಈ ವಾರವೇ ಹೋಗಿ. ನೀರೂ ಇಳಿಯದ ಹಾಗಾದರೆ, ಕಪ್ಪಗೆ ಮಲ ಹೋದರೆ ವಾರವೂ ಕಾಯಬೇಡಿ, ಆ ಗಳಿಗೆಯೇ ಹೊರಡಿ.

ದುಡ್ಡಿನ ವಿಷಯ. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವು ಇದೆ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಹಿಡಿದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಮೊದಲು ನೋಡಿ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ, ಯಾವ ಕಾಗದ ಬೇಕು ಅಂತ ಅವರು ಹೇಳುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ ಸಂಸ್ಥೆ, 1973ರಿಂದ ಇದೆ, ಬಡವರು ಹೋಗುವ ಜಾಗವೇ ಅದು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಚಿಕಿತ್ಸೆಗೆ ಹೋಗಿ ಬರಲು ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಫಾರಂ ಬರೆಸಿಕೊಳ್ಳಿ. ಶ್ರವಣಬೆಳಗೊಳದ ಮೇಲೆ ಹಾಸನ–ಬೆಂಗಳೂರು ರೈಲು ಶುರುವಾದದ್ದು 2017ರಲ್ಲಿ. ಅದಕ್ಕೆ ಮೊದಲು ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಹೋಗಿ ಬಂದವಳು. ರೈಲು ಎಷ್ಟೋ ವಾಸಿ, ಎದ್ದು ಓಡಾಡಬಹುದು, ಊಟದ ಹೊತ್ತಿಗೆ ಡಬ್ಬಿ ತೆಗೆಯಬಹುದು.

ಹೋಗಿ ಬಂದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ನಮ್ಮವರು ಇಪ್ಪತ್ತೈದು ವರ್ಷ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಆಪರೇಷನ್ ಆದ ಮೇಲೆ ಹೊಗೆಸೊಪ್ಪು ಬಿಟ್ಟಿದ್ದಾರೆ. ಬರೀ ಎಲೆಅಡಿಕೆ ಹಾಕಬಹುದಲ್ಲ, ನಮ್ಮದೇ ತೋಟದ ಅಡಿಕೆ ಅಂತಾರೆ.
– ಓದುಗರು, ಕಡೂರು ತಾಲ್ಲೂಕು

ಬೇಡಮ್ಮ. ಅಡಿಕೆ ಬೆಳೆದು ಮಕ್ಕಳನ್ನು ಓದಿಸಿದ ಮನೆಗೆ ಈ ಮಾತು ಹೇಳುವುದು ನನಗೂ ಕಷ್ಟ. ಆದರೆ ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬಾಯಿಂದ ಅನ್ನನಾಳದವರೆಗೆ ಒಂದೇ ದಾರಿ. ಒಂದು ಕಡೆ ಕೆಟ್ಟ ದಾರಿಯ ಇನ್ನೊಂದು ಕಡೆಯೂ ಕೆಡಬಹುದು. ಹೊಗೆಸೊಪ್ಪು ಬಿಟ್ಟವರಿಗೆ ಅಡಿಕೆ ಬಿಡುವ ಶಕ್ತಿಯೂ ಇರುತ್ತದೆ. ಊಟವಾದ ಮೇಲೆ ಬಾಯಿಗೆ ಏನಾದರೂ ಬೇಕು ಅಂತ ಒದ್ದಾಡುತ್ತಾರೆ, ಆಗ ಎರಡು ಲವಂಗ, ಒಂದು ಏಲಕ್ಕಿ ಕೊಡಿ. ಎಲೆಯ ತಟ್ಟೆಯನ್ನು ಜಗಲಿಯಿಂದ ಎತ್ತಿ ಒಳಗಿಡಿ. ಬಂದವರು ಕೇಳಿದರೆ ಕೊಡಿ, ನಿಮ್ಮವರ ಎದುರಿಗೆ ಬೇಡ.

ಜೊತೆಗೆ ಒಂದು ಮಾತು. ಕುದಿಕುದಿ ಕಾಫಿ, ಟೀ ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ. 65 ಡಿಗ್ರಿಗಿಂತ ಬಿಸಿಯಾದದ್ದನ್ನು ಕುಡಿಯುವುದು ಅನ್ನನಾಳಕ್ಕೆ ಅಪಾಯ ಇರಬಹುದು ಅಂತ 2016ರಲ್ಲಿ ಅದೇ ಸಂಸ್ಥೆ ಹೇಳಿತು. ದೂರು ಬಿಸಿಯ ಮೇಲೆ, ಕಾಫಿಯ ಮೇಲಲ್ಲ. ಲೋಟವನ್ನು ಬರಿ ಕೈಯಲ್ಲಿ ಆರಾಮಾಗಿ ಹಿಡಿಯುವಷ್ಟು ಆರಲಿ.

ನಾನು ನಿವೃತ್ತ ಬಸ್ ಕಂಡಕ್ಟರ್, 62 ವರ್ಷ. ಆಪರೇಷನ್ ಆಗಿ ಐದು ತಿಂಗಳು. ಗಂಟಲು ಕಟ್ಟಿ ಪಿಸುಮಾತು ಮಾತ್ರ ಬರುತ್ತಿದೆ. ನೀರು ಕುಡಿದರೆ ಕೆಮ್ಮು. ಮುಂದಿನ ತಿಂಗಳು ಮಗಳ ಮದುವೆ. ನಂಟರೆಲ್ಲ ಬರುತ್ತಾರೆ. ಎಲೆಯ ಮುಂದೆ ಕೂರಲು ನಾಚಿಕೆ. ನಾನು ಒಳಗಿನ ಕೋಣೆಯಲ್ಲೇ ಇದ್ದುಬಿಡಲಾ ಅಂತ ಯೋಚನೆ.
– ಓದುಗರು, ಆಲೂರು

ಅಣ್ಣಾ, ಖಂಡಿತ ಒಳಗಿನ ಕೋಣೆಯಲ್ಲಿ ಇರಬೇಡಿ.

ದನಿಯ ಮಾತು ಮೊದಲು. ಸ್ವರ ಆಡಿಸುವ ನರ ಅನ್ನನಾಳದ ಪಕ್ಕದಲ್ಲೇ ಹೋಗುತ್ತದೆ. ಆಪರೇಷನ್‌ನಲ್ಲಿ ಅದಕ್ಕೆ ಏಟು ಬಿದ್ದಿದ್ದರೆ ಹೀಗಾಗುತ್ತದೆ. ಬಹಳ ಸಲ ತಿಂಗಳುಗಳು ಕಳೆದ ಹಾಗೆ ತಾನೇ ಚೇತರಿಸಿಕೊಳ್ಳುತ್ತದೆ. ಆದರೂ ಮದುವೆ ಮುಗಿಯಲಿ ಅಂತ ಕಾಯದೆ ಈಗಲೇ ಇ.ಎನ್.ಟಿ. ಡಾಕ್ಟರ್ ಹತ್ತಿರ ಸ್ವರಪೆಟ್ಟಿಗೆ ನೋಡಿಸಿ. ಚೇತರಿಸಿಕೊಳ್ಳದಿದ್ದರೆ ಮುಚ್ಚದ ಸ್ವರತಂತುವಿಗೆ ಇಂಜೆಕ್ಷನ್ ಕೊಟ್ಟು ದನಿ ಸುಧಾರಿಸುವ ಚಿಕಿತ್ಸೆ ಇದೆ. ನೀರಿಗೆ ಕೆಮ್ಮು ಬರುವುದೂ ಇದಕ್ಕೇ ಸೇರಿದ್ದು, ಸ್ವರತಂತು ಸರಿಯಾಗಿ ಮುಚ್ಚದೆ ನೀರು ಗಾಳಿಕೊಳವೆಗೆ ಇಣುಕುತ್ತದೆ. ನುಂಗುವುದನ್ನು ಹೇಳಿಕೊಡುವ ಸ್ಪೀಚ್ ಥೆರಪಿಸ್ಟ್ ಇರುತ್ತಾರೆ. ನನಗೆ ಗದ್ದ ಎದೆಯ ಕಡೆ ತಗ್ಗಿಸಿ, ಚಿಕ್ಕ ಗುಟುಕು ನುಂಗಲು ಹೇಳಿಕೊಟ್ಟರು. ನಿಮಗೆ ಯಾವ ರೀತಿ ಸರಿ ಅಂತ ಅವರೇ ನೋಡಿ ಹೇಳಲಿ. ಅಲ್ಲಿಯವರೆಗೆ ಚೊಂಬು ಎತ್ತಿ ಮೇಲಿನಿಂದ ನೀರು ಸುರಿದುಕೊಳ್ಳಬೇಡಿ. ಕೆಮ್ಮು, ಜ್ವರ ಬಂದರೆ ಅರಸೀಕೆರೆಯವರಿಗೆ ಹೇಳಿದ್ದೇ ನಿಮಗೂ. ಪಿಸುಗುಟ್ಟಿ ಪಿಸುಗುಟ್ಟಿ ಗಂಟಲಿಗೆ ಆಯಾಸ ಮಾಡಿಕೊಳ್ಳಬೇಡಿ. ನಂಟರನ್ನು ಮಾತಾಡಿಸುವ ಕೆಲಸವನ್ನು ತಮ್ಮನಿಗೋ ಮಗನಿಗೋ ಕೊಡಿ, ನೀವು ಪಕ್ಕದಲ್ಲಿ ನಿಂತು ಕೈಮುಗಿಯಿರಿ. ಅಷ್ಟು ವರ್ಷ ಟಿಕೆಟ್ ಟಿಕೆಟ್ ಅಂತ ಕೂಗಿದ ಗಂಟಲು ಅದು, ಎಲ್ಲರಿಗೂ ಗೊತ್ತು.

ಎಲೆಯ ಮುಂದೆ ಕೂರುವ ವಿಷಯ. ಆಪರೇಷನ್ ಆದ ಎಂಟನೇ ತಿಂಗಳಲ್ಲಿ ನನ್ನ ಅಣ್ಣನ ಮಗನ ಮದುವೆ ಬಂತು. ಹೋಗುವುದಿಲ್ಲ ಅಂದಿದ್ದೆ. ಅತ್ತಿಗೆ ಬಂದು, ನೀನು ಒಂದು ಉಪ್ಪಿನಕಾಯಿ ಮುಟ್ಟದಿದ್ದರೂ ಸರಿ, ಪಂಕ್ತಿಯಲ್ಲಿ ಕೂತಿರು ಅಂದರು. ಅವರೇ ಬಡಿಸುವ ಹುಡುಗರಿಗೆ ಹೇಳಿದ್ದರು, ಸಾಲಿನ ಕೊನೆಯಲ್ಲಿ ಕೂತ ನನ್ನ ನಾದಿನಿಗೆ ಕುಡಿ ಎಲೆ ಹಾಕಿ, ಅವರು ಕೇಳಿದ್ದು ಮಾತ್ರ, ಕೇಳಿದಷ್ಟು ಮಾತ್ರ ಅಂತ. ಎಲೆಯ ಮೇಲೆ ಎರಡು ಚಮಚ ಅನ್ನ, ತೊವ್ವೆ, ಸ್ವಲ್ಪ ಮೊಸರು. ಪಕ್ಕದಲ್ಲಿ ಕೂತವರು ಯಾಕೆ ಇಷ್ಟೇ ಅಂತ ಕೇಳಿದರು. ನನ್ನ ಹೊಟ್ಟೆ ಚಿಕ್ಕದು ಮಾಡಿದ್ದಾರೆ, ಈಗ ಇಷ್ಟೇ ಹಿಡಿಯುತ್ತದೆ ಅಂದೆ. ಓಹೋ ಅಂದರು. ಆಮೇಲೆ ಮಾತು ಹುಡುಗಿಯ ಊರಿನ ಕಡೆ ಹೋಯಿತು. ನಾನು ಎಂಟು ತಿಂಗಳು ಹೆದರಿದ್ದ ಪ್ರಶ್ನೆಗೆ ಹಿಡಿದ ಹೊತ್ತು ಅಷ್ಟೇ. ಉತ್ತರ ಒಂದು ಸಾಲು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ಯಾರಿಗೂ ಪೂರ್ತಿ ಕಥೆ ಹೇಳಬೇಕಾಗಿಲ್ಲ.

ಆ ದಿನ ಮಾಡಿಕೊಳ್ಳಬೇಕಾದದ್ದು ಇಷ್ಟು. ಧಾರೆ ಆಗುವವರೆಗೆ ಹುಡುಗಿಯ ತಂದೆ ಉಪವಾಸ ಇರುವ ಪದ್ಧತಿ ನಿಮ್ಮಲ್ಲಿದ್ದರೆ ಪುರೋಹಿತರಿಗೆ ಮುಂಚಿತವಾಗಿಯೇ ವಿಷಯ ಹೇಳಿಬಿಡಿ. ಔಷಧಿಗೆ, ಕಾಯಿಲೆಯವರಿಗೆ ಉಪವಾಸದ ಕಟ್ಟು ಇಲ್ಲ ಅಂತ ನಮ್ಮ ಪುರೋಹಿತರು ನಮಗೆ ಹೇಳಿದ್ದರು. ಮುಹೂರ್ತಕ್ಕೆ ಎರಡು ಗಂಟೆ ಮೊದಲು ನಿಮ್ಮ ಇಡ್ಲಿ, ಮೊಸರು ಮುಗಿಸಿ. ಆಮೇಲೆ ಧಾರೆ ಮಂಟಪದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಪಾಯಸ ಮುಟ್ಟಬೇಡಿ. ಹೋಳಿಗೆ ಮಾತ್ರ ಊಟದ ಕೊನೆಯಲ್ಲಿ, ತುಪ್ಪ ಹಾಕಿಸಿಕೊಂಡು, ಒಂದು ಚೂರು. ಮಂಟಪದ ಹಿಂದಿನ ಕೋಣೆಯಲ್ಲಿ ಒರಗುವ ಕುರ್ಚಿ ಒಂದು, ನಿಮ್ಮ ಬಟ್ಟಲು ಚಮಚ, ಮಾತ್ರೆಯ ಡಬ್ಬಿ ಇರಲಿ. ಮೂರು ಗಂಟೆಗೆ ಯಾರಾದರೂ ಒಬ್ಬರು ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ. ಒಂದು ಗಂಟೆ ಅಲ್ಲಿದ್ದು, ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಎದ್ದು ಬನ್ನಿ.